ಮೇಲಿನಿಂದ ಬೀಳುವ ಮಳೆ: ಪೋರ್ಷಿಯಾಳ ಉಪಮೆ ಮತ್ತು ಸುರಪುರದ ಒಂದು ಕ್ಷಮೆ

ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಓದಿದವರಿಗೆ ‘ಕ್ವಾಲಿಟಿ ಆಫ್ ಮರ್ಸಿ’ ಎಂಬ ಪದ್ಯ ನೆನಪಿರಬಹುದು. ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೇ ಅಂಕದಲ್ಲಿ, ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ ಶೈಲಾಕನ ಎದುರು ಆಡುವ ಮಾತು ಅದು. ಯಾದಗಿರಿಯಲ್ಲಾಗಲಿ ಶಹಾಪುರ, ಸುರಪುರಗಳಲ್ಲಾಗಲಿ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಕರುಣೆಯನ್ನು ಮಳೆಗೆ ಹೋಲಿಸಿದೆ, ಆದ್ದರಿಂದ ಸಿಮಿಲಿ. ‘ಲೈಕ್’ ಅಥವಾ ‘ಆ್ಯಸ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್. ಒಂದು ಅಂಕ ಸಿಕ್ಕಿತು, ಪಾಠ ಮುಗಿಯಿತು.

ವಿಚಿತ್ರವೆಂದರೆ, ಇದೇ ಮಕ್ಕಳು ಹಿಂದಿನ ಪೀರಿಯಡ್ಡಿನ ಕನ್ನಡ ಪಾಠದಲ್ಲಿ ಇದಕ್ಕಿಂತ ಹರಿತವಾದ ಸಲಕರಣೆಯೊಂದನ್ನು ಕಲಿತಿರುತ್ತಾರೆ. ಉಪಮಾಲಂಕಾರ ಎಂದ ಕೂಡಲೇ ಕನ್ನಡ ಮೇಷ್ಟ್ರು ನಾಲ್ಕು ಅಂಗ ಕೇಳುತ್ತಾರೆ: ಉಪಮೇಯ ಯಾವುದು, ಉಪಮಾನ ಯಾವುದು, ಉಪಮಾವಾಚಕ ಯಾವುದು, ಸಮಾನಧರ್ಮ ಯಾವುದು. ಇಂಗ್ಲಿಷ್ ಪಾಠ ಮೂರನೆಯದರಲ್ಲಿ, ಅಂದರೆ ವಾಚಕ ಪದವನ್ನು ಹುಡುಕುವುದರಲ್ಲಿ ನಿಂತುಬಿಡುತ್ತದೆ. ನಾಲ್ಕನೆಯದು ಬಂದಾಗಲೇ ಓದು ಶುರುವಾಗುವುದು. ಕರುಣೆಗೂ ಮಳೆಗೂ ಸಮಾನವಾದ ಧರ್ಮ ಯಾವುದು?

ಮೃದುತ್ವ ಎಂದು ಸಾಮಾನ್ಯವಾಗಿ ಉತ್ತರ ಬರುತ್ತದೆ. ಅದು ತಪ್ಪಲ್ಲ, ಆದರೆ ಸಾಲದು. ಆ ಮಾತು ಯಾವ ಪ್ರಶ್ನೆಗೆ ಉತ್ತರವಾಗಿ ಬಂತೆಂಬುದನ್ನು ಪಠ್ಯದ ತುಣುಕು ತೋರಿಸುವುದಿಲ್ಲ. ಶೈಲಾಕ್ ಕರುಣೆ ತೋರಿಸಲೇಬೇಕು ಎಂದು ಪೋರ್ಷಿಯಾ ಹೇಳಿರುತ್ತಾಳೆ. ಯಾವ ಒತ್ತಾಯದ ಮೇಲೆ ತೋರಿಸಲಿ, ಅದನ್ನು ಹೇಳು ಎಂದು ಅವನು ಕೇಳುತ್ತಾನೆ. ಒತ್ತಾಯದಿಂದ ಬರುವಂಥದ್ದಲ್ಲ ಅದು, ಮಳೆಯ ಹಾಗೆ ತಾನಾಗಿ ಸುರಿಯುವಂಥದ್ದು ಎಂಬುದು ಅವಳ ಉತ್ತರ. ಹಾಗಾದರೆ ಸಮಾನಧರ್ಮ ಎರಡು. ಮಳೆಯನ್ನು ಯಾರೂ ಬಲವಂತವಾಗಿ ತರಿಸಲಾರರು. ಮಳೆ ಯಾವಾಗಲೂ ಮೇಲಿನಿಂದ ಕೆಳಕ್ಕೇ ಬೀಳುತ್ತದೆ. ಮುಂದಿನ ಸಾಲುಗಳಲ್ಲಿ ಕರುಣೆಗೆ ರಾಜರ ಹೃದಯದೊಳಗೆ ಸಿಂಹಾಸನ ಹಾಕಿಕೊಡುವುದೂ ಇದೇ ಕಾರಣಕ್ಕೆ. ಅದು ಎತ್ತರದಲ್ಲಿ ಇರುವವರ ಸೊತ್ತು.

ಈ ಉಪಮೆಯನ್ನು ಯಾದಗಿರಿ ಜಿಲ್ಲೆಯಲ್ಲಿ ಕುಳಿತು ಓದುವುದಕ್ಕೆ ಒಂದು ವಿಶೇಷ ಅರ್ಥವಿದೆ. ನಾರಾಯಣಪುರದ ಬಸವಸಾಗರದ ಕಾಲುವೆ ನೀರು ತಲುಪದ ಹೊಲಗಳಲ್ಲಿ ತೊಗರಿ, ಹತ್ತಿ ಎಲ್ಲವೂ ಆಕಾಶದ ಮರ್ಜಿ. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುತ್ತಾರೆ. ಒತ್ತಾಯದಿಂದ ಬರದು ಎಂಬ ಗುಣ ಇಂಗ್ಲೆಂಡಿನ ಕವಿಗೆ ಮಳೆಯ ದೊಡ್ಡತನವಾಗಿ ಕಂಡಿರಬಹುದು. ಒಣಬೇಸಾಯದವನಿಗೆ ಅದೇ ಗುಣ ಭಯ ಹುಟ್ಟಿಸುತ್ತದೆ. ಕೇಳಿ ಪಡೆಯುವ ಹಕ್ಕಿಲ್ಲದ್ದು, ಬಾರದಿದ್ದರೆ ಯಾರನ್ನೂ ದೂರುವಂತಿಲ್ಲದ್ದು. ಕರುಣೆಯ ಮೇಲೆ ಬದುಕುವುದೆಂದರೆ ಏನೆಂದು ಹಿಂದಿನ ಬೆಂಚಿನ ಹುಡುಗನಿಗೆ ಟಿಪ್ಪಣಿಯಿಲ್ಲದೆಯೇ ಗೊತ್ತಿರುತ್ತದೆ. ಕೇಳುವವರಿಲ್ಲ, ಅಷ್ಟೇ.

ಅದೇ ಸುರಪುರದಲ್ಲಿ ನಡೆದ ಕರುಣೆಯ ಕಥೆಯೊಂದು ಇಂಗ್ಲಿಷಿನಲ್ಲೇ ಬರೆದಿಟ್ಟಿದೆ. ಫಿಲಿಪ್ ಮೆಡೋಸ್ ಟೇಲರ್ (1808–1876) 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿಕೊಂಡ ಅಧಿಕಾರಿ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನನ್ನು ಬೆಳೆಸಿದವನು. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಅವನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಹೊರಬಂತು. ಟೇಲರ್ ಬಂಗಲೆಯನ್ನು ಪ್ರವಾಸಿಗರಿಗೆ ತೋರಿಸುವ ನಾವು ಅವನ ಪುಸ್ತಕವನ್ನು ಸಾಮಾನ್ಯವಾಗಿ ಇತಿಹಾಸದ ಆಕರವೆಂದು ಮಾತ್ರ ತೆರೆಯುತ್ತೇವೆ. ಅದನ್ನು ಸಾಹಿತ್ಯವಾಗಿ, ಪ್ರೌಢಶಾಲೆಯಲ್ಲಿ ಕಲಿತ ಪರಿಭಾಷೆಗಳನ್ನೇ ಹಿಡಿದುಕೊಂಡು ಓದಬೇಕೆಂಬುದು ನನ್ನ ವಾದ.

1858ರ ಫೆಬ್ರವರಿಯಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದ. ಸೋತ ಮೇಲೆ ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಅವನನ್ನು ಸೆರೆಯಲ್ಲಿ ಕಾಣಲು ಹೋದ ದೃಶ್ಯ ಆತ್ಮಕಥೆಯ ಅತ್ಯಂತ ಬಲವಾದ ಪುಟಗಳು. ಅಲ್ಲಿ ರಾಜ ಪ್ರಾಣಭಿಕ್ಷೆ ಬೇಡಲು ಒಪ್ಪುವುದಿಲ್ಲ. ಕಳ್ಳನನ್ನು ನೇಣಿಗೆ ಹಾಕಿದ ಹಾಗೆ ತನ್ನನ್ನು ಹಾಕದಿರಲಿ, ತೋಪಿನ ಬಾಯಿಗೆ ಕಟ್ಟಿದರೆ ನಡುಗುವುದಿಲ್ಲ ಎನ್ನುತ್ತಾನೆ. ಕರಿನೀರಿಗಿಂತ ಸಾವು ಮೇಲು, ತನ್ನ ಬೇಡರಲ್ಲಿ ತೀರ ಸಾಮಾನ್ಯನೂ ಸೆರೆಮನೆಯಲ್ಲಿ ಬದುಕಲಾರ ಎಂದೂ ಅವನ ಬಾಯಿಂದ ಬರುತ್ತದೆ. ಮರಣದಂಡನೆ ಮೊದಲು ಜೀವಾವಧಿ ಗಡೀಪಾರಿಗೆ ಇಳಿಯಿತು. ಬಳಿಕ ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನು ನಾಲ್ಕು ವರ್ಷದ ಬಂಧನಕ್ಕೆ ಇಳಿಸಿದ. ನಡತೆ ಚೆನ್ನಾಗಿದ್ದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಉಳಿಯಿತು. ಸೆರೆವಾಸಕ್ಕೆ ಹೊರಟ ದಾರಿಯಲ್ಲಿ, ಹೈದರಾಬಾದಿನಿಂದ ಇನ್ನೂ ದೂರ ಹೋಗುವ ಮೊದಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ಸತ್ತ. ತಾನೇ ಗುಂಡು ಹಾರಿಸಿಕೊಂಡ ಎಂಬುದು ಟೇಲರ್ ಕೊಡುವ ವಿವರ. ಅದನ್ನು ಎಲ್ಲರೂ ಒಪ್ಪಿಲ್ಲ.

‘ಕ್ಲೆಮೆನ್ಸಿ ಕ್ಯಾನಿಂಗ್’, ಅಂದರೆ ಕ್ಷಮೆಯ ಕ್ಯಾನಿಂಗ್, ಎಂಬುದು ಆ ಕಾಲದ ಇಂಗ್ಲಿಷರು ಅವನನ್ನು ಹಂಗಿಸಲು ಇಟ್ಟ ಹೆಸರು. ದಂಗೆಯ ಸಮಯದಲ್ಲಿ ಸೇಡಿಗೆ ಕಡಿವಾಣ ಹಾಕಲು ಹೋದದ್ದಕ್ಕೆ ಬಂದದ್ದು. ನಂತರ ಅದೇ ಹೊಗಳಿಕೆಯಾಯಿತು. ಸುರಪುರದ ಮಟ್ಟಿಗೆ ಆ ಕ್ಷಮೆ ಪೋರ್ಷಿಯಾಳ ಮಳೆಯ ಲಕ್ಷಣವನ್ನೆಲ್ಲ ಹೊಂದಿದೆ. ಯಾರೂ ಒತ್ತಾಯಿಸಲಿಲ್ಲ, ಮೇಲಿನಿಂದ ಬಂತು. ಪಡೆಯಬೇಕಾದವನು ಅದನ್ನು ಕೇಳಿರಲೇ ಇಲ್ಲ. ನಾಟಕದಲ್ಲೂ ಹೀಗೆಯೇ. ತೀರ್ಪು ತಿರುಗಿದ ಮೇಲೆ ಶೈಲಾಕನ ಜೀವ ಉಳಿಸುತ್ತಾರೆ, ಅವನು ಬೇಡುವ ಮೊದಲೇ. ಪ್ರತಿಯಾಗಿ ಅವನು ಕ್ರೈಸ್ತನಾಗಬೇಕು. ಒತ್ತಾಯ ಸಲ್ಲದ ಗುಣದ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿದ ನ್ಯಾಯಾಲಯ ಅರ್ಧ ಗಂಟೆಯೊಳಗೆ ಒತ್ತಾಯವನ್ನೇ ಕರುಣೆಯೆಂದು ಕರೆಯುತ್ತದೆ. ಮೈ ಸರಿಯಿಲ್ಲವೆಂದು ಹೇಳಿ ಶೈಲಾಕ್ ರಂಗದಿಂದ ಹೊರಟುಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಇದನ್ನು ಐರನಿ ಎನ್ನಬೇಕು. ಆದರೆ ಕನ್ನಡದಲ್ಲಿ ಏನೆನ್ನಬೇಕು? ‘ವ್ಯಂಗ್ಯ’ ಎಂದು ಬರೆಸುವ ಗೈಡುಗಳಿವೆ. ಅದು ಗೊಂದಲದ ಮೂಲ. ನಮ್ಮ ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯವೆಂದರೆ ಧ್ವನಿಸುವ ಅರ್ಥ, ಆನಂದವರ್ಧನ ಹೇಳಿದ್ದು. ದಿನಬಳಕೆಯಲ್ಲಿ ವ್ಯಂಗ್ಯವೆಂದರೆ ಚುಚ್ಚುಮಾತು. ಪೋರ್ಷಿಯಾ ಯಾರನ್ನೂ ಚುಚ್ಚುತ್ತಿಲ್ಲ, ಅವಳು ಆ ಮಾತನ್ನು ನಂಬಿಯೇ ಆಡುತ್ತಿರಬಹುದು. ಮಾತು ಮತ್ತು ಮುಂದಿನ ನಡೆ ಎದುರುಬದುರಾಗುವುದಕ್ಕೆ ‘ವಿಪರ್ಯಾಸ’ ಹೆಚ್ಚು ಹೊಂದುತ್ತದೆ. ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕನಿಗೆ ತಿಳಿದಿರುವುದಕ್ಕೆ ಇದೂ ಸಾಲದು, ‘ನಾಟಕೀಯ ವಿಪರ್ಯಾಸ’ ಎಂದು ಉದ್ದ ಮಾಡಬೇಕಾಗುತ್ತದೆ. ಉದ್ದವಾದರೆ ಆಗಲಿ. ಮೂರು ಬೇರೆ ಸಂಗತಿಗಳಿಗೆ ಒಂದೇ ಹೆಸರು ಕೊಟ್ಟು ಮಕ್ಕಳಿಗೆ ಐರನಿ ಅರ್ಥವಾಗುವುದಿಲ್ಲ ಎನ್ನುವುದು ನ್ಯಾಯವಲ್ಲ.

ಇನ್ನು ಮುನ್ಸೂಚನೆ. ‘ಜೂಲಿಯಸ್ ಸೀಸರ್’ನಲ್ಲಿ ಮಾರ್ಚ್ ತಿಂಗಳ ಆ ದಿನದ ಬಗ್ಗೆ ಎಚ್ಚರಿಸುವ ಕಣಿಯವನು ಎಲ್ಲ ಗೈಡುಗಳ ಉದಾಹರಣೆ. ಟೇಲರನ ಪುಸ್ತಕದಲ್ಲಿ ಇದಕ್ಕೆ ಸಮನಾದದ್ದು ಜಾತಕ. ಮಗ ಇಪ್ಪತ್ತನಾಲ್ಕನೇ ವಯಸ್ಸು ದಾಟುವುದಿಲ್ಲ ಎಂದು ಬರೆದಿದೆಯೆಂದು ರಾಣಿ ಈಶ್ವರಮ್ಮ ಅವನಿಗೆ ಬಹಳ ಹಿಂದೆಯೇ ತಿಳಿಸಿರುತ್ತಾಳೆ. ಸಾವಿನ ನಂತರ ಆ ಭವಿಷ್ಯ ಮತ್ತೆ ನೆನಪಿಗೆ ಬರುತ್ತದೆ. ಓದುವಾಗ ಮೈ ಜುಮ್ಮೆನ್ನುವುದು ನಿಜ. ಆದರೆ ನಾಟಕದ ಕಣಿಗೂ ಆತ್ಮಕಥೆಯ ಕಣಿಗೂ ಒಂದು ಭೇದವಿದೆ, ಅದನ್ನು ತರಗತಿಯಲ್ಲಿ ಹೇಳುವುದಿಲ್ಲ. ಟೇಲರ್ ಬರೆಯಲು ಕೂತಾಗ ರಾಜ ಸತ್ತು ಎಷ್ಟೋ ವರ್ಷವಾಗಿತ್ತು. ಕೊನೆ ಗೊತ್ತಿದ್ದವನು ಆರಂಭದಲ್ಲಿ ಸೂಚನೆ ನೆಡುತ್ತಿದ್ದಾನೆ. ಅವನು ಸುಳ್ಳು ಹೇಳಿದ ಎನ್ನುತ್ತಿಲ್ಲ. ಹಲವಾರು ಸಂಗತಿಗಳ ನಡುವಿನಿಂದ ಇದನ್ನೇ ಆರಿಸಿ ಇಲ್ಲಿಟ್ಟ, ಅದರ ಪರಿಣಾಮವೇನು ಎಂಬುದು ನನ್ನ ಪ್ರಶ್ನೆ.

ಪರಿಣಾಮವಿದು: ಸಾವು ವಿಧಿಯ ಕೆಲಸವಾಗುತ್ತದೆ. ಸಂಸ್ಥಾನದ ಹಣಕಾಸಿನ ಒತ್ತಡ, ಕಂಪನಿ ಹೈದರಾಬಾದಿನ ಮೂಲಕ ಬಿಗಿಹಿಡಿದ ಹಗ್ಗ, ಬೇಡ ಸೈನಿಕರ ಅಸಮಾಧಾನ ಇವೆಲ್ಲ ಹಿಂದಕ್ಕೆ ಸರಿಯುತ್ತವೆ. ಒಳ್ಳೆಯ ಹುಡುಗ, ಕೆಟ್ಟ ಸಹವಾಸ, ಕೆಟ್ಟ ನಕ್ಷತ್ರ ಎಂಬ ಚಿತ್ರ ಮುಂದೆ ಬರುತ್ತದೆ. ದುರಂತನಾಯಕನ ‘ಟ್ರ್ಯಾಜಿಕ್ ಫ್ಲಾ’ ಎಂದು ನಾವು ಉರುಹೊಡೆಯುವ ಸೂತ್ರವೂ ಇಲ್ಲಿ ಟೇಲರನಿಗೇ ಅನುಕೂಲ. ಅರಿಸ್ಟಾಟಲ್ ಬಳಸಿದ ಹಮಾರ್ಶಿಯಾ ಎಂಬ ಪದಕ್ಕೆ ಗುರಿತಪ್ಪುವುದು, ಎಡವಿದ ಹೆಜ್ಜೆ ಎಂಬ ಅರ್ಥ ಹತ್ತಿರ. ಸ್ವಭಾವದ ಕಳಂಕವೆಂಬುದು ನಂತರ ಅಂಟಿದ್ದು. ವೆಂಕಟಪ್ಪ ನಾಯಕನ ಕಳಂಕ ಹುಡುಕಹೊರಟರೆ ನಾವೂ ಅವನ ಪಾಲಕನ ಕುರ್ಚಿಯಲ್ಲಿ ಕೂತುಬಿಡುತ್ತೇವೆ. ರನ್ನನ ದುರ್ಯೋಧನನನ್ನು ಕಂಡ ಕನ್ನಡ ಓದುಗನಿಗೆ ಈ ಸೂತ್ರದ ಹಂಗು ಬೇಕಿಲ್ಲ. ಸೋಲುವವನಿಗೆ ಅವನದೇ ಧ್ವನಿ ಕೊಟ್ಟ ಕವಿ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇದ್ದ.

ವೆಂಕಟಪ್ಪ ನಾಯಕನಿಗೆ ಅದು ಸಿಗಲಿಲ್ಲ. ಸೆರೆಯ ದೃಶ್ಯದಲ್ಲಿ ಅವನ ಮಾತೆಲ್ಲ ನಮಗೆ ಬರುವುದು ಟೇಲರನ ಇಂಗ್ಲಿಷಿನಲ್ಲಿ. ‘ಕನ್‌ಫೆಶನ್ಸ್ ಆಫ್ ಎ ಥಗ್’ (1839) ಬರೆದವನು ಅವನು. ಇನ್ನೊಬ್ಬನ ತಪ್ಪೊಪ್ಪಿಗೆಯನ್ನು ಉತ್ತಮಪುರುಷದಲ್ಲಿ ಕಟ್ಟುವುದರಲ್ಲಿ ಪಳಗಿದ ಕೈ. ಹಾಗಾಗಿ ರಾಜನ ಘನವಾದ ಆ ಮಾತುಗಳಲ್ಲಿ ಎಷ್ಟು ರಾಜನದು, ಎಷ್ಟು ಕಾದಂಬರಿಕಾರನದು ಎಂದು ಬೇರ್ಪಡಿಸುವುದು ಕಷ್ಟ. ಟೇಲರನಿಗೆ ಹುಡುಗನ ಮೇಲಿದ್ದ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಪುಟಗಳಲ್ಲಿ ಅದು ಕಾಣುತ್ತದೆ. ಆದರೆ ಕಾಲಾಪಾನಿಗಿಂತ ಸಾವು ಮೇಲೆಂಬ ಮಾತು ಅಲ್ಲಿ ಬಂದದ್ದರಿಂದಲೇ ದಾರಿಯ ಗುಂಡು ಆತ್ಮಹತ್ಯೆಯೆಂದು ಓದುಗ ಸುಲಭವಾಗಿ ನಂಬುತ್ತಾನೆ. ಮುನ್ಸೂಚನೆ ಎಂಬ ತಂತ್ರ ಇಲ್ಲಿ ಸಾಕ್ಷ್ಯದ ಕೆಲಸ ಮಾಡುತ್ತಿದೆ. ಅವನ ಸಾವನ್ನು ಅನುಮಾನಿಸುವವರ ಜೊತೆ ವಾದಿಸುವಾಗಲೂ ಅನುಮಾನಿಸದವರ ಜೊತೆ ವಾದಿಸುವಾಗಲೂ ಇದನ್ನು ಗಮನಿಸಬೇಕು.

ಹತ್ತನೇ ತರಗತಿಯ ಮಕ್ಕಳಿಗೆ ಇಷ್ಟೆಲ್ಲ ಭಾರವಲ್ಲವೇ ಎಂದು ಕೇಳುವವರಿದ್ದಾರೆ. ಪೋರ್ಷಿಯಾಳ ಮಾತಿಗೆ ಮೊದಲಿನ ಶೈಲಾಕನ ಪ್ರಶ್ನೆಯೊಂದನ್ನು, ನಂತರದ ತೀರ್ಪಿನ ನಾಲ್ಕು ಸಾಲನ್ನು ಪಠ್ಯಕ್ಕೆ ಸೇರಿಸಿದರೆ ಅರ್ಧ ಪುಟ ಹೆಚ್ಚಾಗಬಹುದು. ಸುರಪುರದ ಶಾಲೆಯಲ್ಲಾದರೆ ಅದರ ಪಕ್ಕದಲ್ಲಿ ಟೇಲರನ ಸೆರೆಯ ದೃಶ್ಯದ ಒಂದು ಪುಟವನ್ನು ಇಟ್ಟು, ಇಲ್ಲಿ ಮಳೆ ಯಾರು, ನೆಲ ಯಾರು ಎಂದು ಕೇಳಬಹುದು. ಉಪಮಾನ, ಉಪಮೇಯ ಗುರುತಿಸುವ ಅಭ್ಯಾಸ ಆ ಮಕ್ಕಳಿಗೆ ಹೇಗೂ ಇದೆ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು, ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ. ಅದೂ ಮೇಲಿನಿಂದಲೇ ಬಿದ್ದದ್ದು.