ಕನ್ನಡ ಗದ್ಯದಲ್ಲಿ ಒಬ್ಬಳೇ ಪಯಣಿಸುವ ಹೆಣ್ಣು: ನೇಮಿಚಂದ್ರರ ಬರವಣಿಗೆಯನ್ನು ಕುರಿತು ಒಂದು ವಿವೇಚನೆ

ಪ್ರವಾಸ ಸಾಹಿತ್ಯವು ಕನ್ನಡದಲ್ಲಿ ಸಮೃದ್ಧವಾಗಿ ಬೆಳೆದಿರುವ ಪ್ರಕಾರಗಳಲ್ಲಿ ಒಂದು. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಮೊದಲಾದ ಕೃತಿಗಳ ಮೂಲಕ ಯೂರೋಪಿನ ಮಹಾನಗರಗಳು ನಮ್ಮ ಓದುಗರಿಗೆ ಬಹುಕಾಲದ ಹಿಂದೆಯೇ ಪರಿಚಿತವಾದುವು. ಈ ಕೃತಿಗಳನ್ನು ಕುರಿತ ವಿಮರ್ಶೆಯಲ್ಲಿ ಲೇಖಕನ ದೃಷ್ಟಿ, ಹಾಸ್ಯ, ತೌಲನಿಕ ಮನೋಧರ್ಮ ಇವುಗಳ ವಿಚಾರ ಬರುತ್ತದೆ. ಲೇಖಕನು ಒಬ್ಬನೇ ಹೋಗಿದ್ದನೆ, ಜೊತೆಗೆ ಯಾರಿದ್ದರು ಎಂಬ ಪ್ರಶ್ನೆ ಬರುವುದಿಲ್ಲ. ಅದೇ ಪಯಣವನ್ನು ಹೆಣ್ಣೊಬ್ಬಳು ಕೈಗೊಂಡರೆ ಮೊದಲು ಏಳುವ ಪ್ರಶ್ನೆಯೇ ಅದು. ಈ ಭೇದವು ನಮ್ಮ ಓದನ್ನು ಹೇಗೆ ತಿದ್ದಿದೆ, ಎಲ್ಲಿ ಕೆಡಿಸಿದೆ ಎಂಬುದನ್ನು, 1959ರಲ್ಲಿ ಚಿತ್ರದುರ್ಗದಲ್ಲಿ ಜನಿಸಿದ ನೇಮಿಚಂದ್ರರ ಕೆಲವು ಕೃತಿಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದಗಳ ವಿಚಾರ. ಜೊತೆಯಿಲ್ಲದವರನ್ನು ಸೂಚಿಸಲು ಕನ್ನಡದಲ್ಲಿ ‘ಒಂಟಿ’, ‘ಏಕಾಂಗಿ’, ‘ಒಬ್ಬಳೇ’ ಎಂಬ ಮೂರು ಮಾತುಗಳಿವೆ. ಇವು ಸಮಾನಾರ್ಥಕಗಳಂತೆ ತೋರಿದರೂ ಹಾಗಿಲ್ಲ. ‘ಒಂಟಿ’ ಎಂಬಲ್ಲಿ ಕೊರತೆಯ, ಕೆಲವೊಮ್ಮೆ ಕೇಡಿನ ಛಾಯೆಯುಂಟು. ಒಂಟಿ ಸೀನು ಅಪಶಕುನ, ಒಂಟಿ ಸಲಗ ಅಪಾಯ. ‘ಏಕಾಂಗಿ’ ಎಂಬುದರ ಹಿಂದೆ ಏಕಾಂಗವೀರನ ನೆನಪಿದ್ದು, ಅದು ಸಾಹಸವನ್ನು ಧ್ವನಿಸುತ್ತದೆ. ‘ಒಬ್ಬಳೇ’ ಎಂಬುದು ಮಾತ್ರ ಎಣಿಕೆಯ ಮಾತು. ಅದರಲ್ಲಿ ಮರುಕವೂ ಇಲ್ಲ, ಹೊಗಳಿಕೆಯೂ ಇಲ್ಲ. ಪಯಣಿಸುವ ಹೆಣ್ಣನ್ನು ಕುರಿತ ನಮ್ಮ ಬರವಣಿಗೆ ಬಹುಮಟ್ಟಿಗೆ ಮೊದಲಿನ ಎರಡು ಪದಗಳ ನಡುವೆ ತೂಗಾಡುತ್ತದೆ. ಅವಳು ಅಪಾಯಕ್ಕೆ ಗುರಿಯಾದವಳು, ಇಲ್ಲವೆ ವೀರವನಿತೆ. ಮೂರನೆಯ ಪದದ ನಿರ್ಲಿಪ್ತತೆಯನ್ನು ನಾವಿನ್ನೂ ರೂಢಿಸಿಕೊಂಡಿಲ್ಲ.

ಇದಕ್ಕೆ ಕಾರಣವನ್ನು ನಮ್ಮ ಪರಂಪರೆಯಲ್ಲಿಯೇ ಹುಡುಕಬೇಕು. ಚಿತ್ರದುರ್ಗದ ಸೀಮೆಯಲ್ಲಿ ಒಬ್ಬಳೇ ನಿಂತ ಹೆಣ್ಣು ಎಂದೊಡನೆ ನೆನಪಾಗುವವಳು ಒನಕೆ ಓಬವ್ವ. ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುತ್ತಿದ್ದಾಗ, ಕಾವಲಿನ ಗಂಡ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಅವಳು ಒನಕೆ ಹಿಡಿದು ನಿಂತ ಕಥೆ ನಮ್ಮ ಮಕ್ಕಳಿಗೂ ಗೊತ್ತು. 1972ರ ‘ನಾಗರಹಾವು’ ಚಲನಚಿತ್ರವು ಅದನ್ನು ನಾಡಿಗೆಲ್ಲ ಮುಟ್ಟಿಸಿತು. ಅವಳ ಶೌರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಥೆಯ ರಚನೆಯನ್ನು ಗಮನಿಸಬೇಕು. ಅವಳ ಕೈಯಲ್ಲಿರುವುದು ಮನೆಯ ಉಪಕರಣ. ಅವಳು ಮಾಡಿದ್ದು ಗಂಡನ ಕೆಲಸ. ನಿಂತದ್ದು ಒಳಗು ಹೊರಗುಗಳ ಸಂಧಿಯಲ್ಲಿ, ಹೊರಗಿನವರು ಒಳಗೆ ಬಾರದಂತೆ. ಕಿಂಡಿಯನ್ನು ಕಾಯುವ ಹೆಣ್ಣನ್ನು ಈ ಸೀಮೆ ಪೂಜಿಸಿತು. ಕಿಂಡಿಯನ್ನು ದಾಟಿ ತನ್ನ ಕೆಲಸಕ್ಕಾಗಿ ಹೊರಟವಳಿಗೆ ಅಂಥ ಕಥೆಯೊಂದು ಇಲ್ಲಿ ಬೆಳೆಯಲಿಲ್ಲ.

ಹೆಣ್ಣಿನ ಪಯಣವೇ ನಮ್ಮ ಜಾನಪದದಲ್ಲಿ ಇಲ್ಲವೆಂದಲ್ಲ. ತವರಿನ ದಾರಿಯನ್ನು ಹಾಡದ ಗರತಿಯಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ನೆನಪು ಹೊಸದುರ್ಗ, ಹೊಳಲ್ಕೆರೆಯ ಕಡೆಯ ಹಿರಿಯ ಹೆಂಗಸರಿಗೂ ಇದ್ದೀತು. ಆದರೆ ಈ ಪಯಣಗಳಿಗೆಲ್ಲ ಕರೆಯಲು ಬರುವ ಅಣ್ಣನೋ, ಕಳುಹಿಸುವ ಅತ್ತೆಯೋ, ಕೂಡಿ ನಡೆಯುವ ಓರಗೆಯವರೋ ಇರುತ್ತಾರೆ. ಇವಕ್ಕೆ ದೊಡ್ಡ ಅಪವಾದ ಅಕ್ಕಮಹಾದೇವಿ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅವಳು ಕನ್ನಡ ಸಾಹಿತ್ಯಕ್ಕೆ ಗೊತ್ತಿರುವ ಮೊದಲ ಮಹಾಪಥಿಕೆ. ಶೂನ್ಯಸಂಪಾದನೆಯಲ್ಲಿ ಅವಳು ಕಲ್ಯಾಣವನ್ನು ಮುಟ್ಟಿದಾಗ ಅಲ್ಲಮಪ್ರಭುವು ಅವಳ ಪತಿ ಯಾರೆಂದು ಕೇಳುತ್ತಾನೆ. ಅಲ್ಲಿ ಆ ಪ್ರಶ್ನೆಗೆ ಆಧ್ಯಾತ್ಮಿಕ ಪ್ರಯೋಜನವಿದೆ, ಉತ್ತರವೂ ಅದೇ ಎತ್ತರದಲ್ಲಿದೆ. ಆದರೂ ಅನುಭವಮಂಟಪದ ಬಾಗಿಲಿನಲ್ಲಿ ಒಬ್ಬಳೇ ಬಂದ ಹೆಣ್ಣಿಗೆ ಕೇಳಿದ ಪ್ರಶ್ನೆ ಇದೆಂಬುದು ಮರೆಯತಕ್ಕದ್ದಲ್ಲ. ಇಂದು ಪರದೇಶದ ನಗರವೊಂದರ ವಸತಿಗೃಹದಲ್ಲಿ ಒಬ್ಬಳೇ ಕೋಣೆ ಕೇಳುವ ಹೆಣ್ಣಿಗೆ ಎದುರಾಗುವ ಪ್ರಶ್ನೆಯೂ ಅದರ ಲೌಕಿಕ ರೂಪವೇ.

ಇನ್ನು ಯೂರೋಪಿನ ವಿಚಾರ. ಕನ್ನಡ ನಾಡಿನಲ್ಲಿ ಹುಟ್ಟಿದ ಹೆಂಗಸರು ಅಲ್ಲಿಗೆ ಹೋದದ್ದು ಇತ್ತೀಚಿನ ಸಂಗತಿಯೇನೂ ಅಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಓದಿದರು. 1929ರ ಜೂನಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಂಘಟನೆಯ ಮಹಾಸಭೆಯಲ್ಲಿ ಭಾಗವಹಿಸಿದರು. ಆದರೆ ಅವರು ತಮ್ಮ ಆತ್ಮಕಥನವನ್ನು ಬರೆದದ್ದು ಇಂಗ್ಲಿಷಿನಲ್ಲಿ. ಅದು ಪ್ರಕಟವಾದದ್ದು 1986ರಲ್ಲಿ. ಪಯಣವು ನಡೆದಿತ್ತು, ಅದರ ಗದ್ಯ ಮಾತ್ರ ಕನ್ನಡದಲ್ಲಿ ಹುಟ್ಟಲಿಲ್ಲ. ಈ ಕೊರತೆಯನ್ನು ಬೇರೆ ಬೇರೆ ದಾರಿಗಳಿಂದ ತುಂಬಿದವರಲ್ಲಿ ನೇಮಿಚಂದ್ರರು ಮುಖ್ಯರು. ವೃತ್ತಿಯಿಂದ ಇಂಜಿನಿಯರಾದ ಇವರು ಜೀವನಚರಿತ್ರೆ, ಪ್ರವಾಸಕಥನ, ಕಾದಂಬರಿ ಎಂಬ ಮೂರು ಪ್ರಕಾರಗಳಲ್ಲಿಯೂ ಹೊರಟು ಹೋದ ಹೆಣ್ಣನ್ನು ಚಿತ್ರಿಸಿದ್ದಾರೆ.

ಮೊದಲನೆಯದು ಮೇರಿ ಕ್ಯೂರಿಯ ಚರಿತ್ರೆಯಾದ ‘ಬೆಳಕಿನೊಂದು ಕಿರಣ’. ಈ ಜೀವನವನ್ನು ತ್ಯಾಗದ ಕಥೆಯಾಗಿ ಪಾಠ ಹೇಳುವುದು ನಮ್ಮಲ್ಲಿ ರೂಢಿ. ಆದರೆ ಅದರ ಸಂಗತಿಗಳು ಬೇರೊಂದನ್ನು ಹೇಳುತ್ತವೆ. ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾದ ವಿಶ್ವವಿದ್ಯಾನಿಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಆದುದರಿಂದ ಅಕ್ಕತಂಗಿಯರು ಒಂದು ಒಪ್ಪಂದ ಮಾಡಿಕೊಂಡರು. ಮರಿಯಾ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಗಳಿಸಿದ ಹಣದಿಂದ ಅಕ್ಕ ಬ್ರೋನ್ಯಾ ಪ್ಯಾರಿಸ್ಸಿನಲ್ಲಿ ವೈದ್ಯಶಿಕ್ಷಣ ಪಡೆಯುವುದು. ಅನಂತರ ಅಕ್ಕ ತಂಗಿಯನ್ನು ಕರೆಸಿಕೊಳ್ಳುವುದು. 1891ರಲ್ಲಿ ತನ್ನ 24ನೆಯ ವಯಸ್ಸಿನಲ್ಲಿ ಮರಿಯಾ ರೈಲಿನ ಅಗ್ಗದ ದರ್ಜೆಯಲ್ಲಿ ಪ್ಯಾರಿಸ್ಸಿಗೆ ಬಂದಳು. ಮೊದಲು ಅಕ್ಕನ ಮನೆಯಲ್ಲಿದ್ದು, ಅದು ಸಾರ್ಬೋನಿಗೆ ದೂರವಾದ್ದರಿಂದ ಹತ್ತಿರದಲ್ಲಿ ಬಾಡಿಗೆಯ ಕೋಣೆ ಹಿಡಿದಳು. ಆರನೆಯ ಅಂತಸ್ತಿನ ಆ ಕೋಣೆಗೆ ಕಲ್ಲಿದ್ದಲನ್ನು ತಾನೇ ಹೊತ್ತು ಏರಬೇಕಿತ್ತು. 1893ರಲ್ಲಿ ಭೌತವಿಜ್ಞಾನದಲ್ಲಿ ಮೊದಲ ಸ್ಥಾನ, 1894ರಲ್ಲಿ ಗಣಿತದಲ್ಲಿ ಎರಡನೆಯ ಸ್ಥಾನ ಅವಳಿಗೆ ದೊರೆತವು.

ಇಲ್ಲಿ ಎರಡು ಅಂಶಗಳನ್ನು ಗುರುತಿಸಬೇಕು. ಒಂದು, ಅವಳು ಒಬ್ಬಳೇ ಇದ್ದದ್ದು ಅವಳು ಆರಿಸಿಕೊಂಡ ಸೌಕರ್ಯ. ದಾರಿಯ ಹೊತ್ತು ಉಳಿದು, ಓದಿಗೆ ತಡೆಯಿಲ್ಲದ ರಾತ್ರಿಗಳು ದೊರೆತವು. ಚಳಿ ಅದಕ್ಕೆ ತೆತ್ತ ಬೆಲೆ. ಎರಡು, ಒಬ್ಬಳೇ ಇದ್ದ ಆ ಕೋಣೆಯ ಹಿಂದೆ ಇಬ್ಬರು ಹೆಣ್ಣುಮಕ್ಕಳ ವರ್ಷಗಟ್ಟಲೆಯ ದುಡಿಮೆಯ ಲೆಕ್ಕವಿತ್ತು. ನಮ್ಮ ಹಾಡುಗಳಲ್ಲಿ ಅಣ್ಣ ಬಂದು ಕರೆದೊಯ್ಯುವ ಸ್ಥಾನದಲ್ಲಿ ಇಲ್ಲಿ ಅಕ್ಕ ಹಣವನ್ನೂ ನೆಲೆಯನ್ನೂ ಒದಗಿಸುತ್ತಾಳೆ. ತ್ಯಾಗವೆಂಬ ಒಂದೇ ಪದದಿಂದ ಪಾಠ ಮುಗಿಸಿದರೆ ಈ ಲೆಕ್ಕ ವಿದ್ಯಾರ್ಥಿನಿಯ ಕಣ್ಣಿಗೆ ಬೀಳದು; ಅವಳಿಗೆ ನಿಜವಾಗಿ ಬೇಕಾದದ್ದು ಆ ಲೆಕ್ಕವೇ.

ಅದೇ ಪ್ಯಾರಿಸ್ಸು 1911ರಲ್ಲಿ ತೋರಿದ ಮುಖ ಬೇರೆ. ಆ ವರ್ಷದ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವಳನ್ನು ಸದಸ್ಯಳಾಗಿ ಚುನಾಯಿಸಲಿಲ್ಲ. ಗಂಡ ಸತ್ತು ಐದು ವರ್ಷಗಳಾಗಿದ್ದ ಅವಳಿಗೂ ಭೌತವಿಜ್ಞಾನಿ ಪಾಲ್ ಲಾಂಜೆವನ್ನನಿಗೂ ಇದ್ದ ಸಂಬಂಧವನ್ನು ಪತ್ರಿಕೆಗಳು ಬೀದಿಗೆಳೆದಾಗ, ಇಪ್ಪತ್ತು ವರ್ಷ ಆ ನಗರದಲ್ಲಿ ಬಾಳಿದವಳು ಒಮ್ಮೆಲೇ ಪರದೇಶದ ಹೆಂಗಸಾದಳು. ಸ್ಟಾಕ್‌ಹೋಮಿಗೆ ಬಾರದಿದ್ದರೆ ಲೇಸೆಂದು ಅರ್ಹೇನಿಯಸ್ ಪತ್ರ ಬರೆದರೂ ಅವಳು ಹೋಗಿ ಎರಡನೆಯ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಳು. ಆಗ ಜೊತೆಗಿದ್ದವರು ಅಕ್ಕ ಬ್ರೋನ್ಯಾ ಮತ್ತು ಮಗಳು ಐರೀನ್. ರಾಜಧಾನಿಯು ಒಬ್ಬಳೇ ಬಂದ ಹೆಣ್ಣಿಗೆ ಬಾಗಿಲು ತೆರೆದೀತು. ಆದರೆ ಅವಳನ್ನು ಹೊರಗಿನವಳೆಂದು ಕರೆಯುವ ಹಕ್ಕನ್ನು ಅದು ಬಿಟ್ಟುಕೊಡುವುದಿಲ್ಲ. ಈ ಸತ್ಯವನ್ನು ಕನ್ನಡದ ಓದುಗರ ಮುಂದೆ ತರಬಲ್ಲ ವಸ್ತುವೊಂದನ್ನು ಆರಿಸಿಕೊಂಡದ್ದು ನೇಮಿಚಂದ್ರರ ವಿವೇಕ.

ಎರಡನೆಯದು ಪ್ರವಾಸಕಥನ. ಯೂರೋಪಿನ ಪಯಣದ ‘ಒಂದು ಕನಸಿನ ಪಯಣ’ ಮತ್ತು ದಕ್ಷಿಣ ಅಮೆರಿಕದ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಕೃತಿಗಳನ್ನು ಓದಿದವರು ಸಾಮಾನ್ಯವಾಗಿ ಮೆಚ್ಚುವುದು ಲೇಖಕಿಯ ಧೈರ್ಯವನ್ನು. ಪೆರುವಿಗೆ ಅವರು ಹೋದದ್ದು ಗೆಳತಿಯೊಡನೆ. ಆದರೂ ಗಂಡಸಿನ ಜೊತೆಯಿಲ್ಲದ ಪಯಣವನ್ನು ‘ಒಂಟಿ’ ಪಯಣವೆಂದೇ ಬಗೆಯುವವರುಂಟು. ಇಬ್ಬರು ಹೆಂಗಸರು ಕೂಡಿದರೂ ನಮ್ಮ ಎಣಿಕೆಯಲ್ಲಿ ಒಬ್ಬರಿಗೆ ಸಮವಾಗದೆ ಹೋಗುವುದು ವಿಚಿತ್ರವಾದ ಗಣಿತ. ಧೈರ್ಯದ ಪ್ರಶಂಸೆಯಲ್ಲಿ ಇನ್ನೊಂದು ದೋಷವಿದೆ: ಅದು ಲೇಖಕಿಯನ್ನು ನೋಡುತ್ತದೆ, ಲೇಖಕಿ ನೋಡಿದ್ದನ್ನು ನೋಡುವುದಿಲ್ಲ. ಕಾರಂತರ ಪುಸ್ತಕವನ್ನು ಓದಿ ಅವರು ಕ್ಷೇಮವಾಗಿ ಮರಳಿದರೆಂದು ನಾವು ಸಂತೋಷಪಡುವುದಿಲ್ಲ. ಅವರ ನಿರ್ಣಯಗಳೊಡನೆ ವಾದಕ್ಕಿಳಿಯುತ್ತೇವೆ. ಆ ಗೌರವ ಲೇಖಕಿಗೂ ಸಲ್ಲಬೇಕು. ಹಾಗೆ ಓದಿದಾಗ ನೇಮಿಚಂದ್ರರ ಪ್ರವಾಸಗದ್ಯದ ಗುಣವೂ ಮಿತಿಯೂ ಕಾಣುತ್ತವೆ. ನೋಡಿದ ಸ್ಥಳದ ಹಿಂದಿನ ಚರಿತ್ರೆಯನ್ನು ಬಿಡದೆ ಕೆದಕುವ ಶ್ರದ್ಧೆ ಗುಣ; ಆ ಮಾಹಿತಿ ಕೆಲವೊಮ್ಮೆ ಕಣ್ಣೆದುರಿನ ನೋಟವನ್ನು ಮರೆಮಾಡುವುದು ಮಿತಿ.

ಮೂರನೆಯದು 2007ರಲ್ಲಿ ಪ್ರಕಟವಾದ ಕಾದಂಬರಿ ‘ಯಾದ್ ವಶೇಮ್’. ನಾಜಿಗಳ ಜರ್ಮನಿಯಿಂದ ತಂದೆಯೊಡನೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಹ್ಯಾನಾ ಎಂಬ ಯೆಹೂದಿ ಹುಡುಗಿ ಇಲ್ಲಿಯೇ ಬೆಳೆದು, ಇಲ್ಲಿನವಳಾಗಿ, ಮುಪ್ಪಿನಲ್ಲಿ ಕಳೆದುಹೋದ ತನ್ನವರನ್ನು ಅರಸುತ್ತ ಯೂರೋಪಿಗೂ ಇಸ್ರೇಲಿಗೂ ಹೋಗುವ ಕಥೆ ಇದರದು. ಕಲ್ಪನೆಗೆ ಇತಿಹಾಸದ ಆಧಾರವಿದೆ. ಜರ್ಮನಿಯನ್ನು ಬಿಡಬೇಕಾಗಿ ಬಂದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಈ ಕಾದಂಬರಿ ನಮ್ಮ ಚರ್ಚೆಯನ್ನೇ ತಲೆಕೆಳಗು ಮಾಡುತ್ತದೆ. ಹ್ಯಾನಾ ಮರುಪಯಣದಲ್ಲಿ ಜೊತೆಯಿಲ್ಲದವಳಲ್ಲ, ಪತಿ ಜೊತೆಗಿದ್ದಾನೆ. ಆದರೂ ಅವಳ ನೆನಪಿನೊಳಕ್ಕೆ ಅವನು ಜೊತೆ ಬರಲಾರ. ಪ್ರವಾಸಿಗೆ ನೋಟವಾಗಿರುವ ಬೀದಿ ಅವಳಿಗೆ ಸಾಕ್ಷಿ. ಮೇರಿಯ ಕಥೆಯಲ್ಲಿ ಒಬ್ಬಳೇ ಇದ್ದರೂ ಒಂಟಿಯಲ್ಲದ ಹೆಣ್ಣನ್ನು ಕಂಡೆವು; ಇಲ್ಲಿ ಜೊತೆಯಿದ್ದೂ ಒಂಟಿಯಾದ ಹೆಣ್ಣನ್ನು ಕಾಣುತ್ತೇವೆ. ಎರಡನ್ನೂ ಒಟ್ಟಿಗೆ ಇಟ್ಟಾಗಲೇ ಜೊತೆಗೊಬ್ಬ ಗಂಡಸಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಎಷ್ಟು ಮೇಲಿನದೆಂಬುದು ಹೊಳೆಯುತ್ತದೆ.

ಕಾದಂಬರಿಯಲ್ಲಿ ದೋಷಗಳಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಮಾನವೀಯತೆಯ ಸಂದೇಶವನ್ನು ಸ್ಪಷ್ಟಪಡಿಸಬೇಕೆಂಬ ಹಂಬಲದಿಂದ ಪಾತ್ರಗಳು ಅಲ್ಲಲ್ಲಿ ಲೇಖಕಿಯ ಮಾತನ್ನೇ ಆಡುತ್ತವೆ. ಆದರೂ ದ್ವೇಷವು ಒಂದು ದೇಶದ ಅಥವಾ ಒಂದು ಜನಾಂಗದ ಸ್ವತ್ತಲ್ಲ, ನಮ್ಮ ಮನೆಯಂಗಳಕ್ಕೂ ಬರಬಲ್ಲುದು ಎಂಬ ಎಚ್ಚರವನ್ನು ಪಯಣದ ಮೂಲಕವೇ ತಂದುಕೊಟ್ಟಿರುವುದು ಇದರ ಸಾಧನೆ. ಬರ್ಲಿನ್ ನಗರದ ನಡುವೆ 2005ರಲ್ಲಿ ತೆರೆದ ಸ್ಮಾರಕದಲ್ಲಿ 2711 ಕಾಂಕ್ರೀಟ್ ಕಂಬಗಳಿವೆ. ಒಂದರ ಮೇಲೂ ಹೆಸರಿಲ್ಲ. ಹೆಸರಿಲ್ಲದ ಅಂಥ ಕಂಬಗಳ ನಡುವೆ ನಡೆಯುವವಳಿಗೆ ಬೇಕಾದ ಒಂದು ಹೆಸರನ್ನು, ಒಂದು ಮನೆಯನ್ನು ಕನ್ನಡದ ಕಾದಂಬರಿಯೊಂದು ಕಲ್ಪಿಸಿತೆಂಬುದು ಸಣ್ಣ ಸಂಗತಿಯಲ್ಲ.

ಈ ವಿವೇಚನೆಯ ಪ್ರಯೋಜನವೇನೆಂದು ಅಧ್ಯಾಪಕ ಮಿತ್ರರು ಕೇಳಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ದುರ್ಗದ ಕಾಲೇಜುಗಳಿಗೆ ಬೆಳಗಿನ ಬಸ್ಸು ಹಿಡಿದು ಬರುವ ಹೆಣ್ಣುಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರಲ್ಲಿ ಕೆಲವರು ಮುಂದೆ ಬೆಂಗಳೂರಿಗೆ, ಕೆಲವರು ಲಂಡನ್ನಿಗೋ ಬರ್ಲಿನ್ನಿಗೋ ಹೋಗುವವರು. ಅವರಿಗೆ ಓಬವ್ವನನ್ನು ಮಾತ್ರ ಪಾಠ ಹೇಳಿದರೆ, ನಿಲ್ಲುವ ಧೈರ್ಯವನ್ನು ಕಲಿಸಿದಂತಾಯಿತು. ಹೊರಡುವ ವಿದ್ಯೆ ಬೇರೆ. ಪ್ರವಾಸಕಥನವನ್ನು ಪಠ್ಯವಾಗಿಟ್ಟಾಗ ಲೇಖಕಿಗೆ ಭಯವಾಯಿತೆ ಎಂದು ಕೇಳುವ ಬದಲು, ಹಣ ಎಲ್ಲಿಂದ ಬಂತು, ಯಾರು ನೆರವಾದರು, ಯಾವ ಬಾಗಿಲು ಏತಕ್ಕೆ ಮುಚ್ಚಿತ್ತು, ಅವಳು ಕಂಡದ್ದೇನು, ಕಂಡದ್ದನ್ನು ಸರಿಯಾಗಿ ತೂಗಿದಳೆ ಎಂದು ಕೇಳುವುದು ಮೇಲು. ಈ ಪ್ರಶ್ನೆಗಳು ಗೋಕಾಕರ ಪುಸ್ತಕಕ್ಕೂ ಸಲ್ಲುತ್ತವೆ, ಕಾರಂತರ ಪುಸ್ತಕಕ್ಕೂ ಸಲ್ಲುತ್ತವೆ. ಒಂದೇ ಅಳತೆಗೋಲನ್ನು ಇಬ್ಬರಿಗೂ ಹಿಡಿಯುವ ದಿನ ‘ಒಬ್ಬಳೇ’ ಎಂಬ ಪದವು ‘ಒಬ್ಬನೇ’ ಎಂಬುದರಷ್ಟೇ ಸಾಧಾರಣವಾದ ಪದವಾಗುತ್ತದೆ. ನಮ್ಮ ವಿಮರ್ಶೆಯು ಅದಕ್ಕೆ ಬೇಕಾದ ಅಭ್ಯಾಸವನ್ನು ತರಗತಿಯಿಂದಲೇ ಆರಂಭಿಸಬೇಕು.