ಇಲ್ಲಿ ನಿಲ್ಲಿಸಬಾರದು, ಸರಿ. ಎಲ್ಲಿ ನಿಲ್ಲಿಸಬೇಕು?

ಸಣ್ಣ ಊರಿನ ಟ್ರಾಫಿಕ್ ಸಭೆಯಲ್ಲಿ ಏನು ತೀರ್ಮಾನ ಆಗುತ್ತೆ ಅಂತ ಸಭೆ ಶುರುವಾಗುವ ಮೊದಲೇ ಹೇಳಿಬಿಡಬಹುದು. ಒಂದು, ಸರ್ಕಲ್‌ನಲ್ಲಿ ಸಿಗ್ನಲ್ ಹಾಕಿಸುವುದು. ಎರಡು, ಮುಖ್ಯರಸ್ತೆಯಲ್ಲಿ ಪಾರ್ಕಿಂಗ್ ನಿಷೇಧಿಸುವುದು. ಮೂರು, ಬೀದಿಬದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡುವುದು. ಟೀ, ಬಿಸ್ಕತ್ತು ಮುಗಿಯುತ್ತೆ, ಮಾರನೇ ದಿನ ಪೇಪರ್‌ನಲ್ಲಿ ಫೋಟೋ ಬರುತ್ತೆ. ಆರು ತಿಂಗಳಾದ ಮೇಲೆ ಅದೇ ಸಭೆ, ಅದೇ ತೀರ್ಮಾನ.

ಜನಕ್ಕೆ ಶಿಸ್ತಿಲ್ಲ, ಅದಕ್ಕೇ ಹೀಗೆ ಅನ್ನುವುದು ಸುಲಭದ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ. ಈ ತೀರ್ಮಾನಗಳು ಸೋಲುವುದಕ್ಕೆ ಕಾರಣ ತೀರ್ಮಾನಗಳ ಒಳಗೇ ಇದೆ. ಅದನ್ನು ನೋಡೋಣ.

ಮಧುಗಿರಿ ಉಪವಿಭಾಗವನ್ನೇ ಉದಾಹರಣೆಗೆ ತಗೊಳ್ಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕಿಗೆ ಒಬ್ಬರೇ ಉಪವಿಭಾಗಾಧಿಕಾರಿ. ಆದರೆ ನಾಲ್ಕು ಊರಿನ ರಸ್ತೆಯ ಕಥೆ ಒಂದೇ ಅಲ್ಲ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಹೋಗುವುದು ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ. ಹೊನ್ನಾವರದಿಂದ ಚಿತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 69 ಶಿರಾ ಮತ್ತು ಮಧುಗಿರಿಯನ್ನು ಮುಟ್ಟುತ್ತದೆ. ಬೆಂಗಳೂರು–ಪುಣೆ ಹೆದ್ದಾರಿ 48 ಶಿರಾದ ಮಗ್ಗುಲಲ್ಲೇ ಇದೆ. ಪಾವಗಡವನ್ನು ಹೆಚ್ಚುಕಮ್ಮಿ ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿದೆ. ಶನಿವಾರ ಬಂತು ಅಂದರೆ ಶನಿಮಹಾತ್ಮನ ದರ್ಶನಕ್ಕೆ ಆ ಕಡೆಯಿಂದಲೂ ಗಾಡಿಗಳು ಬರುತ್ತವೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರ ಬೆಂಗಳೂರಿನ ಕಾರುಗಳ ಸಾಲು. ಮಧುಗಿರಿಯಲ್ಲಿ ಏಕಶಿಲಾ ಬೆಟ್ಟ ಹತ್ತುವವರು ವೀಕೆಂಡ್‌ಗೆ ಬರುತ್ತಾರೆ, ದಂಡಿನ ಮಾರಮ್ಮನ ಜಾತ್ರೆಗೆ ಹಳ್ಳಿಹಳ್ಳಿಯೇ ಬರುತ್ತೆ. ಅಂದರೆ ಗಿಜಿಗಿಜಿ ಆಗುವ ದಿನ ಬೇರೆ, ಹೊತ್ತು ಬೇರೆ, ಕಾರಣ ಬೇರೆ. ಪರಿಹಾರ ಮಾತ್ರ ಎಲ್ಲ ಕಡೆಗೂ ಒಂದೇ: ಒಂದು ಕಂಬ, ಒಂದು ಬೋರ್ಡು.

ಮೊದಲು ಯಾರ ತೀರ್ಮಾನ ಇದು ಅಂತ ಕೇಳಬೇಕು. ನಾವೆಲ್ಲ ಬೈಯುವುದು ಪುರಸಭೆಯನ್ನು. ಆದರೆ ಮೋಟಾರು ವಾಹನ ಕಾಯ್ದೆ 1988 ತೆಗೆದು ನೋಡಿ. 115ನೇ ಕಲಂ ವಾಹನಗಳ ಸಂಚಾರಕ್ಕೆ ನಿರ್ಬಂಧ ಹಾಕುವುದು, 116 ಸಂಚಾರ ಫಲಕ ನೆಡುವುದು, 117 ವಾಹನ ನಿಲ್ಲಿಸುವ ಜಾಗ ಗೊತ್ತು ಮಾಡುವುದು. ಈ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ. ನಮ್ಮ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಇಂಥ ಆದೇಶಕ್ಕೆ ಸಹಿ ಹಾಕುವಾಗ ಈ ಕಲಂಗಳ ಜೊತೆ ಕರ್ನಾಟಕ ಮೋಟಾರು ವಾಹನ ನಿಯಮ 1989ರ 221(ಎ)(5) ಅನ್ನೂ ಬರೆಯುತ್ತಾರೆ. ಪಾರ್ಕಿಂಗ್ ಜಾಗದ ವಿಷಯದಲ್ಲಿ ಸ್ಥಳೀಯ ಸಂಸ್ಥೆಗೆ ಕಾಯ್ದೆ ಕೊಟ್ಟಿರುವ ಪಾತ್ರ ಇಷ್ಟೇ: ಅದರ ಜೊತೆ ಸಮಾಲೋಚನೆ ಮಾಡಬೇಕು.

ಲೆಕ್ಕ ಹಾಕಿ. ರಸ್ತೆ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ. ದಂಡ ಹಾಕುವುದು ಪೊಲೀಸರು. ಆದೇಶಕ್ಕೆ ಸಹಿ ಬೀಳುವುದು ತುಮಕೂರಿನಲ್ಲಿ. ಪಾವಗಡದಿಂದ ತುಮಕೂರು ನೂರು ಕಿಲೋಮೀಟರಿನ ಆಸುಪಾಸು. ಚರಂಡಿ, ಫುಟ್‌ಪಾತು, ಅಂಗಡಿ ಲೈಸೆನ್ಸು, ಸಂತೆ ಸುಂಕ ಪುರಸಭೆಗೆ. ಬಸ್ಸು ಎಲ್ಲಿ ನಿಲ್ಲುತ್ತೆ ಅನ್ನುವುದನ್ನು ನಿಜವಾಗಿ ತೀರ್ಮಾನ ಮಾಡುವವನು ಡ್ರೈವರ್. ನಾಲ್ಕೈದು ಕಚೇರಿ ಒಟ್ಟಿಗೆ ಕೂತರೆ ಮಾತ್ರ ಬಗೆಹರಿಯುವ ವಿಷಯವನ್ನು ಒಂದು ಕಚೇರಿಯ ನಿರ್ಣಯ ಅಂತ ತೋರಿಸಿದರೆ ಅದು ಆಗುವುದಾದರೂ ಹೇಗೆ?

ಜನರ ಕಡೆಯಿಂದ ನೋಡಿದರೆ ಇನ್ನೂ ವಿಚಿತ್ರ. ಮಧುಗಿರಿ ತಾಲ್ಲೂಕಿನ ಯಾವುದೇ ಹಳ್ಳಿಯವನಿಗೆ ಗ್ರಾಮಸಭೆ ಅಂತ ಒಂದಿದೆ. ಎದ್ದು ನಿಂತು ಕೇಳಬಹುದು. ಪಟ್ಟಣದವನಿಗೆ? ಸಂವಿಧಾನದ 243 ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರಿಗೆ. 2011ರ ಜನಗಣತಿ ಪ್ರಕಾರ ಈ ನಾಲ್ಕೂ ಪಟ್ಟಣ ಸೇರಿಸಿದರೂ ಮೂರು ಲಕ್ಷ ಆಗಲ್ಲ. ಹಳ್ಳಿಗೂ ಕೇಳುವ ಹಕ್ಕಿದೆ, ಮಹಾನಗರಕ್ಕೂ ಇದೆ, ನಡುವಿನ ಊರುಗಳು ಬಿಟ್ಟುಹೋದವು. ಚುನಾಯಿತ ಸದಸ್ಯರಿದ್ದಾರಲ್ಲ ಅಂತೀರಾ? ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ತಡವಾಯಿತು ಅಂತ ರಾಜ್ಯದ ಬಹಳಷ್ಟು ಪುರಸಭೆ, ಪಟ್ಟಣ ಪಂಚಾಯಿತಿಗಳು 2023ರಿಂದ 2024ರ ಆಗಸ್ಟ್‌ವರೆಗೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಗೆದ್ದ ಸದಸ್ಯರೇ ಸುಮ್ಮನೆ ಕೂತಿದ್ದರು.

ಇನ್ನು ಸಿಗ್ನಲ್ ವಿಷಯ. ನಮ್ಮ ಸಣ್ಣ ಊರುಗಳಲ್ಲಿ ಸಿಗ್ನಲ್ ಅಂದರೆ ಒಂದು ಮರ್ಯಾದೆ. ಊರು ಬೆಳೀತು ಅನ್ನುವುದಕ್ಕೆ ಗುರುತು, ಉದ್ಘಾಟನೆಗೊಂದು ನೆಪ. ಆದರೆ ಸಿಗ್ನಲ್ ಯಾವಾಗ ಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1985ರಲ್ಲೇ ಐಆರ್‌ಸಿ 93 ಅಂತ ಮಾರ್ಗಸೂಚಿ ತಂದಿದೆ. ಎರಡೂ ರಸ್ತೆಗಳಲ್ಲಿ ಪ್ರತಿ ದಿಕ್ಕಿಗೆ ಒಂದೊಂದೇ ಲೇನ್ ಇದ್ದರೆ ಮುಖ್ಯರಸ್ತೆಯಲ್ಲಿ ಗಂಟೆಗೆ 650 ವಾಹನ, ಅಡ್ಡರಸ್ತೆಯಿಂದ 200 ವಾಹನ ಬರಬೇಕು. ಅದೂ ಒಂದು ಗಂಟೆ ಅಲ್ಲ, ಸಾಮಾನ್ಯ ದಿನದಲ್ಲಿ ಎಂಟು ಗಂಟೆ. ಇದಲ್ಲದೆ ಪಾದಚಾರಿಗಳ ಸಂಖ್ಯೆಗೆ, ಅಪಘಾತಗಳ ಸಂಖ್ಯೆಗೆ ಬೇರೆ ಅಳತೆಗಳಿವೆ. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಡಿಗ್ರಿ ಓದುವ ನಾಲ್ಕು ಹುಡುಗರಿಗೆ ಒಂದೊಂದು ನೋಟ್‌ಬುಕ್ ಕೊಟ್ಟು ಸರ್ಕಲ್‌ನಲ್ಲಿ ಕೂರಿಸಿದರೆ ಒಂದು ವಾರದಲ್ಲಿ ಲೆಕ್ಕ ಸಿಗುತ್ತೆ. ಲೆಕ್ಕ ಇದ್ದರೆ ಗೋಡೆಗೆ ಅಂಟಿಸಿ. ಲೆಕ್ಕ ಇಲ್ಲದಿದ್ದರೆ ಆ ಸಿಗ್ನಲ್ ಬೇಕು ಅನ್ನುವುದೂ ಒಂದು ಊಹೆ, ಬೇಡ ಅನ್ನುವುದೂ ಒಂದು ಊಹೆ.

ಸಣ್ಣ ಊರಿನ ಸರ್ಕಲ್ ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಅಡ್ಡಡ್ಡ ಬರುವ ಗಾಡಿಗಳಿಂದ ಅಲ್ಲ, ನಿಂತ ಗಾಡಿಗಳಿಂದ. ತಿರುವಿನಲ್ಲೇ ಬಸ್ಸು ನಿಲ್ಲುತ್ತೆ, ಅದರ ಹಿಂದೆ ಆಟೋ, ಅದರ ಪಕ್ಕ ಹಳ್ಳಿಗೆ ಹೊರಟ ಟೆಂಪೋ. ಹಸಿರು ದೀಪ ಬಿದ್ದರೂ ಮುಂದೆ ಹೋಗುವುದಕ್ಕೆ ಜಾಗ ಇರಲ್ಲ. ಅಲ್ಲಿಗೆ ದೀಪ ಹಾಕುವುದು ಜ್ವರಕ್ಕೆ ಥರ್ಮಾಮೀಟರ್ ಕಟ್ಟಿದ ಹಾಗೆ. ಬಸ್ ನಿಲುಗಡೆಯನ್ನು ತಿರುವಿನಿಂದ ಸ್ವಲ್ಪ ಆಚೆ ಸರಿಸಿ, ಅಲ್ಲಿ ನೆರಳು, ಕೂರಲು ಕಲ್ಲುಬೆಂಚು ಕೊಟ್ಟರೆ ದೀಪವೇ ಬೇಡವಾಗಬಹುದು. ಅದಕ್ಕೆ ಖರ್ಚೂ ಕಡಿಮೆ. ಉದ್ಘಾಟನೆ ಮಾಡೋಕೆ ಮಾತ್ರ ಅಷ್ಟು ಚೆನ್ನಾಗಿರಲ್ಲ.

ಪಾರ್ಕಿಂಗ್‌ಗೆ ಬರೋಣ. 117ನೇ ಕಲಂ ಏನು ಹೇಳುತ್ತೆ ನೋಡಿ: ವಾಹನಗಳು ಎಲ್ಲಿ ನಿಲ್ಲಬಹುದು ಅಂತ ಗೊತ್ತು ಮಾಡಿ ಅನ್ನುತ್ತೆ. ಎಲ್ಲಿ ನಿಲ್ಲಬಹುದು. ನಮ್ಮಲ್ಲಿ ಬರುವ ಆದೇಶಗಳೆಲ್ಲ ಎಲ್ಲಿ ನಿಲ್ಲಬಾರದು ಅನ್ನುವುದನ್ನೇ ಹೇಳುತ್ತವೆ. ಸಂತೆಗೆ ಬಂದ ರೈತನ ಬೈಕು, ಆಸ್ಪತ್ರೆಗೆ ಅಮ್ಮನನ್ನು ಕರೆತಂದವನ ಕಾರು, ಗೊಬ್ಬರದ ಅಂಗಡಿಗೆ ಬಂದ ಟ್ರ್ಯಾಕ್ಟರು, ಇವೆಲ್ಲ ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ. ಜಾಗ ತೋರಿಸದೆ ನಿಷೇಧ ಹಾಕಿದರೆ ಅವು ಪಕ್ಕದ ಗಲ್ಲಿಗೆ ಹೋಗುತ್ತವೆ. ಗಲ್ಲಿಯವರು ಅರ್ಜಿ ಕೊಡುತ್ತಾರೆ, ಅಲ್ಲೂ ಬೋರ್ಡ್ ಬೀಳುತ್ತೆ. ಕೊನೆಗೆ ಎಲ್ಲ ಕಡೆ ಬೋರ್ಡ್, ಎಲ್ಲ ಬೋರ್ಡ್ ಕೆಳಗೂ ಬೈಕು.

ಹಾಗಂತ ನಿಷೇಧವೇ ಬೇಡ ಅನ್ನುವ ಪೈಕಿ ನಾನಲ್ಲ. ಮುಖ್ಯರಸ್ತೆಯಲ್ಲಿ ದಿನವಿಡೀ ನಿಲ್ಲುವ ಗಾಡಿ ಗಿರಾಕಿಯದಲ್ಲ, ಬಹಳ ಸಲ ಅಂಗಡಿಯವರದೇ. ಗಿರಾಕಿ ಹತ್ತು ನಿಮಿಷಕ್ಕೆ ಬಂದು ಹೋಗುತ್ತಾನೆ. ಪಾರ್ಕಿಂಗ್ ತೆಗೆದರೆ ವ್ಯಾಪಾರ ಬೀಳುತ್ತೆ ಅನ್ನುವ ವರ್ತಕರ ಭಯ ನನಗೆ ಅರ್ಥವಾಗುತ್ತೆ, ಆದರೆ ಆ ಜಾಗವನ್ನು ಗಿರಾಕಿಯಿಂದ ಕಿತ್ತುಕೊಂಡಿರುವುದು ಯಾರು ಅಂತ ಅವರೂ ಒಮ್ಮೆ ನೋಡಿಕೊಳ್ಳಬೇಕು. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ 'ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್' ಅಂತ ದಪ್ಪ ಪುಸ್ತಕ ಬರೆದರು. ಅದರ ಸಾರ ನಮ್ಮೂರಿಗೂ ಒಪ್ಪುತ್ತೆ: ರಸ್ತೆಬದಿ ಪುಕ್ಕಟೆ ಅಂದುಕೊಂಡಿರುವ ಜಾಗಕ್ಕೆ ದುಡ್ಡು ಕೊಡುವವರು ಇದ್ದೇ ಇದ್ದಾರೆ, ಅದು ಗಾಡಿಯವನಲ್ಲ ಅಷ್ಟೆ. ನಮ್ಮಲ್ಲಿ ಆ ದುಡ್ಡು ಕೊಡುವವಳು ಫುಟ್‌ಪಾತ್ ಸಿಗದೆ ಮಗುವನ್ನು ಎತ್ತಿಕೊಂಡು ಲಾರಿಯ ಪಕ್ಕ ನಡೆಯುವ ಹೆಂಗಸು.

ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಹನ್ನೆರಡೂವರೆ ಚದರ ಮೀಟರ್. ಅಷ್ಟು ಜಾಗದಲ್ಲಿ ಹೂವಿನವಳು, ಸೊಪ್ಪಿನವಳು, ಕಡ್ಲೆಕಾಯಿ ಗಾಡಿಯವನು ಮೂವರೂ ದಿನ ತಳ್ಳಬಹುದು. ಆದರೂ ತೆರವು ಅಂದ ಕೂಡಲೇ ಮೊದಲು ಎತ್ತುವುದು ಅವರನ್ನೇ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014 ಏನು ಹೇಳುತ್ತೆ? ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇಕಡಾ 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎತ್ತಿಸುವಂತಿಲ್ಲ. ನಿಂತ ಕಾರಿಗೆ ಇಂಥ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ. ಕೂತ ಮನುಷ್ಯನಿಗೆ ಇದೆ. ಬೀದಿಯಲ್ಲಿ ಆಗುವುದು ಮಾತ್ರ ತದ್ವಿರುದ್ಧ.

ಇದೆಲ್ಲ ಯಾರಿಗಾಗಿ ಅನ್ನುವುದು ಮುಖ್ಯ ಪ್ರಶ್ನೆ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಹತ್ತಿರ ಮಗುಚಿತು. ಒಳಗೂ ಜನ, ಮೇಲೂ ಜನ. ಸತ್ತವರಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ರಾಯಚೂರು ಕಡೆಯ ಕೂಲಿಕಾರರು ತುಂಬಿದ್ದ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜನ ಹೋದರು. ಎರಡೂ ಊರೊಳಗಿನ ಸರ್ಕಲ್‌ನಲ್ಲಿ ಆದದ್ದಲ್ಲ, ಯಾವ ಸಿಗ್ನಲ್ಲೂ ಅವನ್ನು ತಡೆಯುತ್ತಿರಲಿಲ್ಲ. ಆದರೆ ಈ ತಾಲ್ಲೂಕುಗಳ ರಸ್ತೆಯಲ್ಲಿ ಓಡಾಡುವವರು ಯಾರು ಅಂತ ಅವು ಹೇಳುತ್ತವೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹತ್ತುವ ಹೆಂಗಸರು ಇನ್ನೂ ಹೆಚ್ಚಾದರು. ಇವರೆಲ್ಲ ಬಸ್ಸಿಳಿದು ಕಾಲಿಡುವ ಮೊದಲ ಜಾಗವೇ ನಮ್ಮ ಸರ್ಕಲ್ಲು. ಟ್ರಾಫಿಕ್ ಸಭೆಯ ನಿರ್ಣಯಗಳಲ್ಲಿ ಕಾರಿದೆ, ಬೈಕಿದೆ, ತಳ್ಳುಗಾಡಿ ಇದೆ. ಬಸ್ಸಿಳಿದವರು ಎಲ್ಲಿದ್ದಾರೆ?

ಹಾಗಾದರೆ ಏನು ಮಾಡಬಹುದು? ದಾರಿ ಕಾಯ್ದೆಯಲ್ಲೇ ಇದೆ. 115ನೇ ಕಲಂ ಪ್ರಕಾರ ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಜಾತ್ರೆಗೆ, ರಿಪೇರಿಗೆ ಬಳಸುವ ಈ ಅವಕಾಶವನ್ನು ಪ್ರಯೋಗಕ್ಕೂ ಬಳಸಬಹುದಲ್ಲ? ಒಂದು ಬೀದಿಗೆ ಒಂದು ತಿಂಗಳು ದೊಡ್ಡ ಗಾಡಿಗಳನ್ನು ಬೆಳಗ್ಗೆ, ಸಂಜೆ ಬಿಡದೆ ನೋಡಿ. ಜೊತೆಗೇ ಗಾಡಿ ನಿಲ್ಲಿಸಲು ಜಾಗ ಗುರುತು ಮಾಡಿ, ಬಾಣದ ಗುರುತು ಹಾಕಿ. ಮೊದಲು ಎಣಿಸಿ, ಆಮೇಲೆ ಎಣಿಸಿ. ವರ್ತಕರು, ಆಟೋದವರು, ತಳ್ಳುಗಾಡಿಯವರು, ಹೆಣ್ಣುಮಕ್ಕಳ ಕಾಲೇಜಿನವರು ಕೂತು ಲೆಕ್ಕ ನೋಡಲಿ. ಸರಿಹೋದರೆ ಕಾಯಂ ಮಾಡಿ, ಇಲ್ಲದಿದ್ದರೆ ಕೈಬಿಡಿ. ಬೆಂಗಳೂರಿನಂಥ ಬೆಂಗಳೂರೇ ಜನರ ಸಿಟ್ಟು ನೋಡಿ 2022ರ ಫೆಬ್ರವರಿಯಲ್ಲಿ ಟೋಯಿಂಗ್ ನಿಲ್ಲಿಸಿತು. ಹಾಕಿದ ತೀರ್ಮಾನ ವಾಪಸ್ ತಗೊಂಡರೆ ಮಾನ ಹೋಗಲ್ಲ.

ಅಧಿಕಾರಿಗಳ ಕಷ್ಟವೂ ಇದೆ, ಇಲ್ಲ ಅನ್ನಲ್ಲ. ಸಿಬ್ಬಂದಿ ಕಡಿಮೆ, ಕೆಲಸ ಜಾಸ್ತಿ, ಬೋರ್ಡ್ ತೆಗೆಸಿ ಅಂತ ಬರುವ ಫೋನು ಅದಕ್ಕಿಂತ ಜಾಸ್ತಿ. ಆದರೆ ರಾಜ್ಯದ ಪೊಲೀಸ್ ಇಲಾಖೆಯನ್ನು 2023ರಲ್ಲಿ ವಹಿಸಿಕೊಂಡ ಗೃಹ ಸಚಿವರು ಗೆದ್ದಿದ್ದು ಇದೇ ಕೊರಟಗೆರೆಯಿಂದ. ರಾಜಧಾನಿಯಲ್ಲಿ ನಮ್ಮ ಮಾತು ಕೇಳುವವರಿಲ್ಲ ಅನ್ನುವ ನೆಪ ಈ ನಾಲ್ಕು ತಾಲ್ಲೂಕಿಗೆ ಅಷ್ಟಾಗಿ ಒಪ್ಪುವುದಿಲ್ಲ.

ಇನ್ನು ನಾವು, ಅಂದರೆ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ನೆಲಮಂಗಲದ ಟೋಲ್ ದಾಟಿ ಊರಿಗೆ ಹೋಗುವವರು. ಕೆಎ 64 ಅನ್ನುವ ಮಧುಗಿರಿ ನಂಬರ್ ಕಂಡರೆ ಖುಷಿಪಡುವ ನಾವು ಊರಿನಲ್ಲಿ ಗಾಡಿ ನಿಲ್ಲಿಸುವಾಗ ಮಾತ್ರ 'ಐದೇ ನಿಮಿಷ' ಅಂತೀವಿ. ಆಫೀಸಿನಲ್ಲಿ ಡೇಟಾ ಇಲ್ಲದೆ ಒಂದು ಬಟನ್ನಿನ ಬಣ್ಣ ಬದಲಿಸುವುದಕ್ಕೂ ಒಪ್ಪದ ನಮಗೆ ಊರಿನ ಸಿಗ್ನಲ್‌ಗೆ ಲೆಕ್ಕ ಎಲ್ಲಿದೆ ಅಂತ ಕೇಳುವುದು ಕಷ್ಟವಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕೇಳಬೇಕಾದದ್ದು ಮೂರೇ ಪ್ರಶ್ನೆ: ಆದೇಶದ ಪ್ರತಿ ಕೊಡಿ, ಎಣಿಸಿದ ಲೆಕ್ಕ ಕೊಡಿ, ಗಾಡಿ ನಿಲ್ಲಿಸಲು ಗೊತ್ತು ಮಾಡಿದ ಜಾಗದ ನಕ್ಷೆ ಕೊಡಿ. ಮೂರೂ ಸಿಕ್ಕರೆ ಬೋರ್ಡಿಗೆ ಮರ್ಯಾದೆ ಕೊಡೋಣ. ಒಂದೂ ಸಿಗದಿದ್ದರೆ ಮುಂದಿನ ಸಭೆಗೆ ನಾವೂ ಹೋಗಿ ಕೂರೋಣ.