ಬೆಳಕಿಗೆ ಬಾಗುವ ಹಾಳೆ

ದೆಹಲಿಯ ಜ್ಯೇಷ್ಠಮಾಸದ ಉರಿಬಿಸಿಲಿಗೆ ಜೋತುಬೀಳುವ ವಿದ್ಯುತ್ತಂತಿಗಳು ಪುಷ್ಯದ ಕೊರೆಯುವ ಚಳಿಗೆ ಮರಳಿ ಬಿಗಿದುಕೊಳ್ಳುವುದನ್ನು ಬಲ್ಲ ನಮಗೆ, ಉಷ್ಣವು ಜಡವಸ್ತುವನ್ನು ಕದಲಿಸಬಲ್ಲುದೆಂಬುದು ನೂತನ ಸಂಗತಿಯಲ್ಲ. ಆದರೆ ಆ ಚಲನೆಯನ್ನು ಪಳಗಿಸಿ, ನಿಯತವಾದ ಕಾರ್ಯಕ್ಕೆ ಹೂಡಿದ ಮಾನವನ ಜಾಣ್ಮೆ ನಿಜಕ್ಕೂ ಶ್ಲಾಘ್ಯವಾದುದು. ಇಸ್ತ್ರಿಪೆಟ್ಟಿಗೆಯೊಳಗಣ ಎರಡು ಲೋಹಗಳ ಬೆಸುಗೆಯ ಪಟ್ಟಿ, ಒಂದು ಪದರ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವ ಕಾರಣದಿಂದಲೇ ಬಾಗಿ, ವಿದ್ಯುತ್ತನ್ನು ಕಡಿಯುತ್ತದೆ. ನಿಕ್ಕಲ್ ಮತ್ತು ಟೈಟಾನಿಯಮ್ ಬೆರೆತ ನಿಟಿನಾಲ್ ತಂತಿಯಂತೂ, ತಣ್ಣಗಿರುವಾಗ ಎಳೆದು ನೀಳಗೊಳಿಸಿದರೂ, ಕಾದೊಡನೆ ಪೂರ್ವರೂಪಕ್ಕೆ ಮರಳುತ್ತ ಭಾರವನ್ನೂ ಎತ್ತುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದಿರುವುದು, ಉಷ್ಣದ ಬದಲು ಬೆಳಕಿಗೆ ರೂಪ ಬದಲಿಸುವ ಅಜೋಬೆಂಜೀನ್ ಎಂಬ ಅಣು. ನೀಳವಾಗಿ ಚಾಚಿಕೊಂಡಿರುವ ಇದು, ಅತಿನೇರಳೆ ಕಿರಣ ತಾಗಿದೊಡನೆ, ನಡುವಿನ ಸಾರಜನಕಗಳ ಜೋಡಿಬಂಧದ ಬಳಿ ಮಡಿಸಿಕೊಂಡು ಗಿಡ್ಡವಾಗುತ್ತದೆ. ಗೋಚರ ಬೆಳಕಿಗೆ ಮತ್ತೆ ನೆಟ್ಟಗಾಗುತ್ತದೆ. ಇಂಥ ಅಸಂಖ್ಯ ಅಣುಗಳನ್ನು ದ್ರವಸ್ಫಟಿಕದ ಪಾಲಿಮರ್ ಜಾಲದಲ್ಲಿ ಹೆಣೆದ ತೆಳುಹಾಳೆಯ ಮೇಲೆ ಬಿದ್ದ ಕಿರಣವು ಬಹುಪಾಲು ಮೇಲ್ಪದರದಲ್ಲಿಯೇ ಹೀರಲ್ಪಟ್ಟು, ಆ ಪದರವಷ್ಟೇ ಕುಗ್ಗುವುದರಿಂದ, ಹಾಳೆಯು ಸೂರ್ಯನತ್ತ ತಿರುಗುವ ಹೂವಿನಂತೆ ಬೆಳಕಿನೆಡೆಗೆ ಬಾಗುತ್ತದೆ. ಜಪಾನಿನ ವಿಜ್ಞಾನಿ ಇಕೆಡಾ ಮತ್ತು ಅವರ ಸಂಗಡಿಗರು 2003ರಲ್ಲಿ, ಧ್ರುವೀಕೃತ ಬೆಳಕಿನ ದಿಕ್ಕನ್ನು ಬದಲಿಸಿ, ಹಾಳೆ ಯಾವ ಕಡೆಗೆ ಬಾಗಬೇಕೆಂಬುದನ್ನೂ ನಿರ್ಧರಿಸಿ ತೋರಿದರು. ಕೀಲಿಲ್ಲ, ಹಲ್ಲುಚಕ್ರವಿಲ್ಲ, ವಸ್ತುವೇ ಯಂತ್ರ! ಉಷ್ಣದಿಂದ ಚಲಿಸುವ ವಸ್ತುಗಳಲ್ಲಿಯೂ ಗಾತ್ರ ಕಿರಿದಾದಷ್ಟೂ ಕಾಯುವುದೂ ಆರುವುದೂ ಶೀಘ್ರವಾಗುವುದರಿಂದ, ಮೋಟರು ಹಿಡಿಸದಷ್ಟು ಸೂಕ್ಷ್ಮವಾದ ಎಡೆಗಳಲ್ಲಿ ತಾವೇ ಚಲಿಸುವ ಇಂಥ ವಸ್ತುಗಳಿಗೇ ಮೇಲ್ಗೈ.

1950ರಲ್ಲಿ ಉದ್ಘಾಟನೆಗೊಂಡು, ದೇಶದ ಉಷ್ಣಮಾನದ ಪ್ರಮಾಣಗಳನ್ನು ಕಾಯ್ದುಕೊಂಡು ಬಂದಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯವಿರುವ ದೆಹಲಿಯ ನಮ್ಮ ಕನ್ನಡದ ತರುಣರು ಈ ವಿದ್ಯೆಯ ಕಡೆಗೆ ಮನಸ್ಸು ಕೊಡಬೇಕು.